ಹಳೆಯ ಸೈನ್ಯದ ಲಾರಿಗಳ ಜೀರ್ಣೋದ್ಧಾರ

ಮಲೆನಾಡಿನ ನಮ್ಮ ಹಳೆಯ ಚಂದಾದಾರರೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಅಜ್ಜಂದಿರು ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಡಿಸ್ಪೋಜಲ್ ಹರಾಜಿನಲ್ಲಿ ಕೊಂಡುತಂದ ವಿಲ್ಲೀಸ್ ಜೀಪೊಂದು ಮೂರು ತಲೆಮಾರುಗಳಿಂದ ಅವರ ತೋಟದ ಕೊಟ್ಟಿಗೆಯಲ್ಲಿದೆಯಂತೆ. ಹತ್ತು ವರ್ಷಗಳಿಂದ ಅದು ನಿಂತ ಸ್ಥಳದಿಂದ ಕದಲಿಲ್ಲ. ಎಂಜಿನಿನ ಬ್ಲಾಕು ಸೀಳಿಹೋಗಿದೆ. ಈಗ ಅದಕ್ಕೆ ಒಂದು ಡೀಸೆಲ್ ಎಂಜಿನನ್ನೂ ಬೇರೆ ಗೇರ್‌ಬಾಕ್ಸನ್ನೂ ಕೂಡಿಸಿ ಓಡಿಸಬಹುದೇ, ಹಾಗೆ ಮಾಡುವುದು ಸರಿಯೇ, ಕಾನೂನು ಅದಕ್ಕೆ ಒಪ್ಪುವುದೇ ಎಂಬುದು ಅವರ ಪ್ರಶ್ನೆ. ಆ ಕಾಗದವನ್ನು ವಾಚಕರ ಅಂಕಣದಲ್ಲಿ ಪ್ರಕಟಿಸಿದೆವು. ಬಂದ ಉತ್ತರಗಳು ಎರಡು ಪಕ್ಷಗಳಾಗಿ ಒಡೆದವು. ಯುದ್ಧವನ್ನು ಕಂಡ ವಾಹನದ ಒಂದು ಬೋಲ್ಟನ್ನು ಬದಲಿಸುವುದೂ ಇತಿಹಾಸಕ್ಕೆ ಬಗೆದ ದ್ರೋಹವೆಂದು ಒಂದು ಪಕ್ಷದವರು ಹೇಳಿದರು. ಓಡದ ಬಂಡಿಯು ತುಕ್ಕಿನ ರಾಶಿಯೇ ಸರಿ, ಯಾವ ಎಂಜಿನು ಸಿಕ್ಕಿದರೂ ಕೂಡಿಸಿ ಓಡಿಸಿರೆಂದು ಇನ್ನೊಂದು ಪಕ್ಷದವರು ಹೇಳಿದರು.

ಎರಡು ಮಾತೂ ನಮಗೆ ಒಪ್ಪಿಗೆಯಾಗಲಿಲ್ಲ. ವಿಷಯವು ಒಬ್ಬರ ಕೊಟ್ಟಿಗೆಯ ಜೀಪಿನದು ಮಾತ್ರವಾಗಿದ್ದರೆ ಖಾಸಗಿಯಾಗಿ ಉತ್ತರ ಬರೆದು ಸುಮ್ಮನಿರುತ್ತಿದ್ದೆವು. ಆದರೆ ಇದರಲ್ಲಿ ರಸ್ತೆಯಲ್ಲಿ ನಡೆಯುವವರ ಪ್ರಾಣದ ಪ್ರಶ್ನೆಯಿದೆ. ಸುಳ್ಳನ್ನಾಡದೆ ಇಂತಹ ವಾಹನವನ್ನು ಇಟ್ಟುಕೊಳ್ಳಲು ಬಯಸುವ ಪ್ರಜೆಗೆ ಸರಕಾರದವರು ಯಾವ ದಾರಿಯನ್ನಾದರೂ ಬಿಟ್ಟಿರುವರೇ ಎಂಬ ಪ್ರಶ್ನೆಯೂ ಇದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳುವುದು ಉಚಿತವೆಂದು ತೋರಿತು.

ಜೀಪನ್ನು ಲಾರಿಗಳ ಸಾಲಿನಲ್ಲಿ ಸೇರಿಸಿದುದಕ್ಕೆ ಕೆಲವರು ನಗಬಹುದು. ಅಮೆರಿಕದ ಸೈನ್ಯದ ದಫ್ತರದಲ್ಲಿ ಅದರ ಹೆಸರು ಕಾಲು ಟನ್ನಿನ ಟ್ರಕ್ಕು ಎಂದೇ ಇದೆ. ಅದರ ಹಿರಿಯಣ್ಣನೆಂದರೆ ಜಿಎಂಸಿ ಕಂಪೆನಿಯ ಎರಡೂವರೆ ಟನ್ನಿನ ಲಾರಿ. ಸಿಸಿಕೆಡಬ್ಲ್ಯು ಎಂಬ ಅದರ ವಿಚಿತ್ರ ಹೆಸರಿನಲ್ಲಿ ಒಂದೊಂದು ಅಕ್ಷರಕ್ಕೂ ಅರ್ಥವಿದೆ: ೧೯೪೧ರ ನಮೂನೆ, ಸಾಮಾನ್ಯ ಮಾದರಿಯ ಕ್ಯಾಬು, ಮುಂದಿನ ಗಾಲಿಗಳಿಗೂ ಚಾಲನೆ, ಹಿಂದೆ ಎರಡು ಚಾಲಕ ಅಚ್ಚುಗಳು. ಯುದ್ಧಕಾಲದಲ್ಲಿ ಇಂತಹ ಲಾರಿಗಳು ಐದು ಲಕ್ಷ ಅರವತ್ತು ಸಾವಿರದಷ್ಟು ತಯಾರಾದವು. ಅಸ್ಸಾಮಿನ ಲೇಡೋದಿಂದ ಬರ್ಮೆಯ ಕಾಡುಗಳ ಮೂಲಕ ಚೀಣದ ಕುನ್ಮಿಂಗಿಗೆ ಹೋಗುವ ರಸ್ತೆಯಲ್ಲಿ ೧೯೪೫ರ ಜನವರಿ ೧೨ರಂದು ಹೊರಟ ಮೊದಲನೆಯ ವಾಹನಪಂಕ್ತಿಯು ಫೆಬ್ರವರಿ ೪ರಂದು ತಲಪಿತಷ್ಟೆ. ಆ ರಸ್ತೆಯಲ್ಲಿ ದುಡಿದ ಲಾರಿಗಳಲ್ಲಿ ಇವೂ ಇದ್ದವು. ಯುದ್ಧವು ನಿಂತಮೇಲೆ ಸೈನ್ಯಕ್ಕೆ ಬೇಡವಾದ ವಾಹನಗಳು ನಮ್ಮ ದೇಶದಲ್ಲಿ ಹರಾಜಾಗಿ ಮರದ ವ್ಯಾಪಾರಿಗಳ, ಗುತ್ತಿಗೆದಾರರ, ತೋಟಗಾರರ ಕೈ ಸೇರಿದವು. ಡಿಸ್ಪೋಜಲ್ ಎಂಬ ಇಂಗ್ಲಿಷ್ ಮಾತು ಕನ್ನಡದ ಮಾತೇ ಆಗಿಹೋಯಿತು. ಆ ಹೆಸರನ್ನು ಹೊತ್ತಿದ್ದ ಕೇಂದ್ರ ಸರಕಾರದ ಇಲಾಖೆಯು ೨೦೧೭ರಲ್ಲಿ ಬಾಗಿಲು ಮುಚ್ಚಿತು. ಮಾತು ಮಾತ್ರ ಉಳಿದುಕೊಂಡಿದೆ.

ಈಗ ಒಂದು ಬೋಲ್ಟನ್ನೂ ಮುಟ್ಟಬಾರದೆನ್ನುವ ಪಕ್ಷದವರ ಮಾತನ್ನು ಪರೀಕ್ಷಿಸೋಣ. ಅವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅವರು ಯಾವ ದೇವರಿಗೆ ನಡೆದುಕೊಳ್ಳುತ್ತಿರುವರೋ ಆ ದೇವರ ಸ್ವಭಾವವನ್ನೇ ತಿಳಿದಂತಿಲ್ಲ. ಜೀಪನ್ನು ವಿಲ್ಲೀಸ್ ಕಂಪೆನಿಯೂ ಫೋರ್ಡ್ ಕಂಪೆನಿಯೂ ಒಂದೇ ನಕ್ಷೆಯ ಮೇರೆಗೆ ತಯಾರಿಸಿದುವು. ಒಂದರ ಎಂಜಿನು ಇನ್ನೊಂದಕ್ಕೆ ಹೊಂದಬೇಕೆಂಬುದೇ ಅಲ್ಲಿನ ಮೂಲಸೂತ್ರವಾಗಿತ್ತು. ಸೈನ್ಯದ ದುರಸ್ತಿ ಕಾರ್ಖಾನೆಗೆ ಹೋದ ವಾಹನವು ತನ್ನದೇ ಎಂಜಿನಿನೊಡನೆ ಹಿಂದಿರುಗಿ ಬರುತ್ತಿತ್ತೆಂಬ ಭರವಸೆಯಿರಲಿಲ್ಲ. ಸಾಲಾಗಿ ಇಟ್ಟಿದ್ದ, ದುರಸ್ತಿಯಾದ ಎಂಜಿನುಗಳಲ್ಲಿ ಮುಂದಿನದನ್ನೆತ್ತಿ ಕೂಡಿಸಿ ಕಳುಹಿಸುತ್ತಿದ್ದರು. ವಿಲ್ಲೀಸ್ ಚಾಸಿಸ್ಸಿನಲ್ಲಿ ಫೋರ್ಡ್ ಎಂಜಿನನ್ನು ಕಂಡು ಇಂದು ಮೂಗು ಮುರಿಯುವ ಸಂಗ್ರಾಹಕನು ಯುದ್ಧಕಾಲದ ನಿಜವನ್ನೇ ಕಂಡು ಮೂಗು ಮುರಿಯುತ್ತಿರುವನು.

ಯುದ್ಧದ ತರುವಾಯದ ಕಥೆಯಂತೂ ಇನ್ನೂ ಸ್ಪಷ್ಟವಾಗಿದೆ. ಅಮೆರಿಕದವರ ಎಂ-೩೫ ಎಂಬ ಎರಡೂವರೆ ಟನ್ನಿನ ಲಾರಿಯು ೧೯೫೦ರ ಸುಮಾರಿಗೆ ಪೆಟ್ರೋಲ್ ಎಂಜಿನಿನೊಡನೆ ಹುಟ್ಟಿತು. ೧೯೬೦ರ ದಶಕದಲ್ಲಿ ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ಗತಿಯಿಲ್ಲದಿದ್ದರೆ ಪೆಟ್ರೋಲು, ಯಾವುದನ್ನು ಕುಡಿಸಿದರೂ ಓಡುವ ಎಂಜಿನು ಅದಕ್ಕೆ ಬಂದಿತು. ೧೯೯೦ರ ದಶಕದಲ್ಲಿ ಅದೇ ಹಳೆಯ ಲಾರಿಗಳನ್ನು ಬಿಚ್ಚಿ, ಕ್ಯಾಟರ್‌ಪಿಲರ್ ಕಂಪೆನಿಯ ೩೧೧೬ ಎಂಬ ಡೀಸೆಲ್ ಎಂಜಿನನ್ನೂ ಆಲಿಸನ್ ಕಂಪೆನಿಯ ಸ್ವಯಂಚಾಲಿತ ಗೇರ್‌ಬಾಕ್ಸನ್ನೂ ಕೂಡಿಸಿ, ಎಂ-೩೫ಎ೩ ಎಂಬ ಹೊಸ ಹೆಸರಿಟ್ಟು ಮತ್ತೆ ದಂಡಿಗೆ ಕಳುಹಿಸಿದರು. ರಷ್ಯದವರು ತಮ್ಮ ಉರಾಲ್-೩೭೫ ಲಾರಿಯ ಪೆಟ್ರೋಲಿನ ಹಸಿವನ್ನು ತಾಳಲಾರದೆ ೧೯೭೭ರಿಂದ ಅದೇ ಬಗೆಯ ಮೈಗೆ ಕಾಮಾಜ್ ಡೀಸೆಲ್ ಎಂಜಿನನ್ನು ಜೋಡಿಸಿ ಉರಾಲ್-೪೩೨೦ ಎಂದು ಕರೆದರು. ಹೀಗಿರುವಾಗ ಸೈನ್ಯದ ಲಾರಿಯ ಎಂಜಿನನ್ನು ಬದಲಿಸುವುದು ಅದರ ಸಂಪ್ರದಾಯಕ್ಕೆ ವಿರುದ್ಧವೆಂದು ಯಾರು ಹೇಳಬಲ್ಲರು? ಅದೇ ಅದರ ಸಂಪ್ರದಾಯ.

ನಾವು ಪಾಠಶಾಲೆಯಲ್ಲಿದ್ದಾಗ ತರ್ಕವನ್ನು ಹೇಳುತ್ತಿದ್ದ ಶಾಸ್ತ್ರಿಗಳು, ಗಡಿಗೆಯ ಒಂದು ಚೂರು ಒಡೆದುಹೋದರೆ ಉಳಿದುದು ಹಳೆಯ ಗಡಿಗೆಯೋ, ಹೊಸತಾಗಿ ಹುಟ್ಟಿದ ಒಡಕು ಗಡಿಗೆಯೋ ಎಂದು ಕೇಳಿ ನಮ್ಮ ನಿದ್ದೆಯನ್ನು ಕೆಡಿಸುತ್ತಿದ್ದರು. ಅವರ ಮನೆಯೆದುರಿನ ಗುಡಿಯ ತೇರಿಗೆ ಅಚ್ಚು, ಗಾಲಿ, ತೊಲೆಗಳು ಎಷ್ಟು ಸಲ ಬದಲಾಗಿದ್ದವೋ ಬಡಗಿಗಳಿಗೇ ಲೆಕ್ಕವಿರಲಿಲ್ಲ. ಆದರೆ ವರ್ಷವರ್ಷವೂ ಅದೇ ತೇರೆಂದು ಶಾಸ್ತ್ರಿಗಳೇ ಮೊದಲು ಹಗ್ಗಕ್ಕೆ ಕೈಹಚ್ಚುತ್ತಿದ್ದರು. ಲಾರಿಯ ವಿಷಯದಲ್ಲಿ ನಮ್ಮದೂ ಅದೇ ತರ್ಕ.

ಇಷ್ಟು ಹೇಳಿದುದರಿಂದ ಎರಡನೆಯ ಪಕ್ಷದವರು ಗೆದ್ದೆವೆಂದು ಹಿಗ್ಗಬೇಕಾಗಿಲ್ಲ. ಯಾವ ಎಂಜಿನು ಸಿಕ್ಕಿದರೂ ಕೂಡಿಸಿರೆಂಬ ಮಾತಿನ ಫಲವನ್ನು ನಾವು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ.

ನಮ್ಮ ತೀರ್ಥರೂಪರು ಈ ಪತ್ರಿಕೆಯನ್ನು ನಡೆಯಿಸುತ್ತಿದ್ದ ಕಾಲದಲ್ಲಿ, ೧೯೮೦ರ ದಶಕದ ನಡುವಿನಲ್ಲಿ, ಕರಾವಳಿಯ ಊರುಗಳಿಗೆ ಪತ್ರಿಕೆಯ ಕಟ್ಟುಗಳನ್ನು ಹೊತ್ತು ಆಗುಂಬೆಯ ಘಾಟಿಯನ್ನು ಇಳಿಯುತ್ತಿದ್ದುದು ಸೈನ್ಯದಿಂದ ಬಂದ ಒಂದು ಜೀಪು. ಪೆಟ್ರೋಲಿನ ಖರ್ಚನ್ನು ತಾಳಲಾರದೆ ಅದಕ್ಕೆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನು ಹಾಕಿಸಿದರು. ೧೯೭೩ರ ತೈಲದ ಮುಗ್ಗಟ್ಟಿನ ತರುವಾಯ ದೇಶದಲ್ಲೆಲ್ಲ ಜೀಪಿನವರು ಮಾಡುತ್ತಿದ್ದುದೂ ಇದನ್ನೇ. ಎಂಜಿನು ಒಳ್ಳೆಯದೇ ಆಗಿತ್ತು. ಜೀಪೂ ಒಳ್ಳೆಯದಾಗಿತ್ತು. ಕೆಟ್ಟುದು ಅವೆರಡರ ಸಂಬಂಧ. ಎಂಜಿನಿನ ಹಿಂಬದಿಗೂ ಗೇರ್‌ಬಾಕ್ಸಿನ ಮುಂಬದಿಗೂ ನಡುವೆ ಕೂಡಿಸಬೇಕಾದ ಕಬ್ಬಿಣದ ತಟ್ಟೆಯನ್ನು ಆ ಗ್ಯಾರೇಜಿನವರು ಕಣ್ಣಳತೆಯಿಂದಲೇ ಕೊರೆದು ಕೂಡಿಸಿದ್ದರು. ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸಿನ ಶಾಫ್ಟಿನ ನಡುಗೆರೆಯೂ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಶಾಫ್ಟು ತಿರುಗಿದಷ್ಟು ಸಲವೂ ಬೇರಿಂಗನ್ನು ಒಂದು ಪಕ್ಕಕ್ಕೆ ಒತ್ತುತ್ತಲೇ ಇರುವುದು. ಮೂರು ತಿಂಗಳು ಕಳೆಯುವುದರೊಳಗೆ ಗೇರು ತಾನಾಗಿ ಹಾರಲು ತೊಡಗಿತು. ಒಂದು ಮಳೆಗಾಲದ ನಸುಕಿನಲ್ಲಿ, ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧವನ್ನೂ ಇಳಿಯುವ ಮೊದಲೇ ಎರಡನೆಯ ಗೇರು ಹಾರಿತು. ಇಳಿಜಾರಿನಲ್ಲಿ ಎಂಜಿನಿನ ಹಿಡಿತವು ತಪ್ಪಿದ ವಾಹನವನ್ನು ಒದ್ದೆಯಾದ ಬ್ರೇಕುಗಳು ತಡೆಯಲಿಲ್ಲ. ನಮ್ಮ ಚಾಲಕರು ಪ್ರಪಾತದ ಕಡೆಗೆ ಬಿಡದೆ ಗುಡ್ಡದ ಮಗ್ಗುಲಿಗೆ ಜೀಪನ್ನು ಒರಗಿಸಿ ನಿಲ್ಲಿಸಿದರು. ಅವರ ಮುಂಗೈ ಮುರಿಯಿತು. ಪತ್ರಿಕೆಯ ಕಟ್ಟುಗಳೆಲ್ಲ ಮಳೆನೀರಿನಲ್ಲಿ ಹೋದವು. ಆ ದಿನದ ಸಂಚಿಕೆ ಕರಾವಳಿಗೆ ತಲಪಲಿಲ್ಲವೆಂದು ತೀರ್ಥರೂಪರು ಮರುದಿನ ಕ್ಷಮೆ ಕೇಳಿ ನಾಲ್ಕು ಸಾಲು ಬರೆದರು. ಚಾಲಕರ ಕೈಯ ಮಾತನ್ನು ಬರೆಯಲಿಲ್ಲ. ಆ ನಾಲ್ಕು ಸಾಲುಗಳಲ್ಲಿ ಬಿಟ್ಟುಹೋದ ಮಾತೇ ಇಂದಿನ ಈ ಲೇಖನಕ್ಕೆ ಮೂಲವೆಂದರೂ ಸಲ್ಲುವುದು.

ಎಂಜಿನನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ಅಶ್ವಶಕ್ತಿಯನ್ನು ಕೇಳುವರು. ಕೇಳಬೇಕಾದುದು ಅದು ಎಷ್ಟು ಸುತ್ತಿಗೆ ದುಡಿಯುವುದೆಂಬುದನ್ನು. ಯುದ್ಧಕಾಲದ ವಿಲ್ಲೀಸ್ ಎಂಜಿನು ನಿಮಿಷಕ್ಕೆ ೪೦೦೦ ಸುತ್ತು ತಿರುಗಿ ೬೦ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಅಚ್ಚಿನಲ್ಲಿರುವ ಕ್ರೌನು-ಪಿನಿಯನ್ನಿನ ಪ್ರಮಾಣವು ೪.೮೮ಕ್ಕೆ ೧. ಗಾಲಿಯು ಒಮ್ಮೆ ತಿರುಗಿದರೆ ಸುಮಾರು ೨.೨ ಮೀಟರು ದೂರ. ವಾಚಕರು ತಾವೇ ಗುಣಿಸಿ ನೋಡಬಹುದು: ೪೦೦೦ ಸುತ್ತಿಗೆ ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗ ಬರುವುದು. ಅದೇ ಅಚ್ಚಿಗೆ, ೨೦೦೦ ಸುತ್ತಿಗೆ ದಣಿಯುವ ಟ್ರ್ಯಾಕ್ಟರಿನ ಎಂಜಿನನ್ನು ಕಟ್ಟಿದರೆ ವೇಗವು ಐವತ್ತನಾಲ್ಕರ ಹತ್ತಿರ ನಿಂತುಹೋಗುವುದು. ಚಾಲಕನಿಗೆ ತಾಳ್ಮೆಯಿಲ್ಲ, ಗವರ್ನರಿನ ತಿರುಪನ್ನು ಸಡಿಲಿಸುವನು, ಎಂಜಿನು ತನಗೆ ವಿಧಿಸದ ಸುತ್ತಿನಲ್ಲಿ ತಿರುಗಿ ನಡುಗುವುದು. ಆ ನಡುಕವನ್ನೆಲ್ಲ ನುಂಗಬೇಕಾದುದು ಮೂರೇ ಗೇರಿನ, ಪೆಟ್ರೋಲ್ ಎಂಜಿನಿಗೆಂದೇ ಮಾಡಿದ ಟಿ-೮೪ ಎಂಬ ಸಣ್ಣ ಗೇರ್‌ಬಾಕ್ಸು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯು ನಮ್ಮ ಜೀಪಿಗಾಗಿಯೇ ಹುಟ್ಟಿದಂತಿದೆ.

ಆದುದರಿಂದ ಎಂಜಿನು, ಕ್ಲಚ್ಚು, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಅಚ್ಚಿನ ಪ್ರಮಾಣ, ಇವೈದನ್ನೂ ಒಟ್ಟಿಗೆ ಆರಿಸತಕ್ಕದ್ದು. ಇದನ್ನು ಬಲ್ಲವರು ಹೇಗೆ ನಡೆದುಕೊಳ್ಳುವರೆಂಬುದಕ್ಕೆ ಎಂ-೩೫ ಲಾರಿಯೇ ನಿದರ್ಶನ. ಅದರ ಬಹು-ಇಂಧನದ ಎಂಜಿನು ೭.೮ ಲೀಟರಿನದು, ೨೬೦೦ ಸುತ್ತಿಗೆ ಮೀರದಂತೆ ಗವರ್ನರಿನ ಕಟ್ಟು. ಅಚ್ಚಿನ ಪ್ರಮಾಣವು ೬.೭೨. ಅಮೆರಿಕದ ಹವ್ಯಾಸಿಗಳು ಆ ಎಂಜಿನು ಕೆಟ್ಟಾಗ ಹೆಚ್ಚಾಗಿ ಆರಿಸುವುದು ಕಮಿನ್ಸ್ ಕಂಪೆನಿಯ ಆರು ಸಿಲಿಂಡರಿನ ೫.೯ ಲೀಟರಿನ ಡೀಸೆಲ್ ಎಂಜಿನನ್ನು. ಅದು ಗಾತ್ರದಲ್ಲಿ ಚಿಕ್ಕದು, ಆದರೆ ದುಡಿಯುವ ಸುತ್ತುಗಳು ಹೆಚ್ಚು ಕಡಮೆ ಅಷ್ಟೇ. ಹೀಗಾಗಿ ಅಚ್ಚನ್ನು ಮುಟ್ಟಬೇಕಾಗಿಲ್ಲ. ಹಳೆಯ ಗೇರುಗಳ ಲೆಕ್ಕವೂ ಕೆಡುವುದಿಲ್ಲ. ಈ ಜಾತಿಯ ಎಂಜಿನುಗಳು ೧೯೯೦ರ ದಶಕದಿಂದ ನಮ್ಮ ಜಮ್ಶೇಡಪುರದಲ್ಲಿಯೇ ತಯಾರಾಗಿ ಟಾಟಾ ಲಾರಿಗಳಲ್ಲಿ ಓಡುತ್ತ ಬಂದಿವೆ. ಅವುಗಳ ಬಿಡಿಭಾಗವೂ, ಅವನ್ನು ಬಲ್ಲ ಮೇಸ್ತ್ರಿಗಳೂ ಹೆದ್ದಾರಿಯ ಪಕ್ಕದಲ್ಲಿ ದೊರೆಯುವರು. ಬದಲಿ ಎಂಜಿನನ್ನು ಆರಿಸುವಾಗ ಇದೇನೂ ಸಣ್ಣ ಮಾತಲ್ಲ. ಬಿಡಿಭಾಗವು ದೊರೆಯದ ಎಂಜಿನನ್ನು ತೆಗೆದು ಬಿಡಿಭಾಗವು ದೊರೆಯದ ಇನ್ನೊಂದನ್ನು ಹಾಕಿಸಿಕೊಂಡವರನ್ನೂ ನಾವು ಬಲ್ಲೆವು.

ಸ್ವಯಂಚಾಲಿತ ಗೇರ್‌ಬಾಕ್ಸಿನ ವಿಷಯವಾಗಿ ಎರಡು ಮಾತು. ಅದು ಕ್ಲಚ್ಚಿನ ಪೆಟ್ಟಿನಿಂದ ಹಳೆಯ ಅಚ್ಚುಗಳನ್ನು ಕಾಪಾಡುವುದು ನಿಜ. ಆದರೆ ಎಣ್ಣೆಯ ಮೂಲಕ ಬಲವನ್ನು ದಾಟಿಸುವ ಯಂತ್ರವು ಬಿಸಿಯನ್ನು ಹುಟ್ಟಿಸುವುದು. ಆ ಎಣ್ಣೆಯನ್ನು ತಂಪುಗೊಳಿಸುವ ಕೂಲರನ್ನು ಹಾಕಿಸದೆ ಘಾಟಿಯನ್ನು ಹತ್ತಿದರೆ ಗೇರ್‌ಬಾಕ್ಸು ಸುಡುವುದು. ಅದರ ಉದ್ದವು ಹೆಚ್ಚಾದಷ್ಟೂ ಹಿಂದಿನ ಪ್ರೊಪೆಲರ್ ಶಾಫ್ಟು ಗಿಡ್ಡವಾಗಿ, ಅದರ ಓರೆಯು ಕಡಿದಾಗಿ, ಜಾಯಿಂಟುಗಳು ಬೇಗನೆ ಸವೆಯುವವು.

ಎಲ್ಲಕ್ಕಿಂತಲೂ ಮಿಗಿಲಾದುದು ಬ್ರೇಕು. ಈ ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಗ್ಯಾರೇಜಿನವರು ಇದನ್ನು ಹೇಳುವುದನ್ನು ನಾವು ಕೇಳಿದ್ದು ಕಡಮೆ. ಜಿಎಂಸಿ ಲಾರಿಯ ಬ್ರೇಕಿಗೆ ಎಂಜಿನಿನ ಹೀರುವಿಕೆಯೇ ಸಹಾಯಕ. ಪೆಟ್ರೋಲ್ ಎಂಜಿನಿನಲ್ಲಿ ಚಾಲಕನು ಕಾಲೆತ್ತಿದೊಡನೆ ಗಾಳಿಯ ಬಾಗಿಲು ಮುಚ್ಚಿ ಒಳಗೆ ನಿರ್ವಾತವುಂಟಾಗುವುದು. ಆ ನಿರ್ವಾತವು ಬ್ರೇಕಿನ ಸರ್ವೋವನ್ನು ಸೆಳೆದು ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುವುದು. ಸಾಮಾನ್ಯ ಡೀಸೆಲ್ ಎಂಜಿನಿಗೆ ಅಂತಹ ಬಾಗಿಲಿಲ್ಲ. ಆದುದರಿಂದ ನಿರ್ವಾತವೂ ಇಲ್ಲ. ಪೆಟ್ರೋಲ್ ಎಂಜಿನನ್ನು ತೆಗೆದು ಡೀಸೆಲನ್ನು ಹಾಕಿ, ನಿರ್ವಾತದ ಪಂಪೊಂದನ್ನು ಬೇರೆಯಾಗಿ ಹಾಕಿಸದೆ ಬಿಟ್ಟರೆ, ಹೊರಗಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣದು. ಅಂಗಳದಲ್ಲಿ ಲಾರಿಯು ನಿಲ್ಲುವುದು. ಹೊರೆ ಹೇರಿ ಇಳಿಜಾರಿಗೆ ಬಂದಾಗ ಪೆಡಲು ಕಲ್ಲಿನಂತಾಗುವುದು. ಎಂ-೩೫ರಲ್ಲಿ ಗಾಳಿಯ ಒತ್ತಡವು ಎಣ್ಣೆಯ ಬ್ರೇಕಿಗೆ ನೆರವಾಗುವುದು. ಆ ಗಾಳಿಯನ್ನು ತುಂಬುವ ಕಂಪ್ರೆಸರು ಎಂಜಿನಿಗೆ ಅಂಟಿಕೊಂಡಿರುವುದರಿಂದ ಎಂಜಿನು ಹೋದರೆ ಅದೂ ಹೋಗುವುದು. ಸಾಲದುದಕ್ಕೆ ಎಂ-೩೫ಎ೨ರ ಎಣ್ಣೆಯ ಕೊಳವೆಗಳೆಲ್ಲ ಒಂದೇ ಸಾಲು. ಒಂದು ಕಡೆ ಒಡೆದರೆ ಹತ್ತು ಗಾಲಿಗಳ ಬ್ರೇಕೂ ಒಮ್ಮೆಗೇ ಹೋಗುವುದು. ಗಂಟೆಗೆ ೪೫ ಮೈಲು, ಎಂದರೆ ೭೨ ಕಿಲೋಮೀಟರು ಮೀರಬಾರದೆಂದು ಮಾಡಿದ ಲಾರಿಗೆ ಹೆಚ್ಚಿನ ವೇಗದ ಎಂಜಿನನ್ನು ಹಾಕಿಸಿ, ಬ್ರೇಕನ್ನು ೧೯೪೩ರಲ್ಲಿಯೇ ಬಿಡುವವನನ್ನು ಹವ್ಯಾಸಿಯೆಂದು ಕರೆಯಲು ನಮಗೆ ಮನಸ್ಸಿಲ್ಲ.

ಇನ್ನು ಕಾನೂನಿನ ಮಾತು. ನಮ್ಮ ವಾಚಕರಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳು ಕೆಲವರಿರುವರು. ಅವರು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ.

೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ಹೇಳಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಒಂದೇ ತಯಾರಕನ ಅದೇ ಬಗೆಯ ಎಂಜಿನಿಂದ ಹಳೆಯದನ್ನು ಬದಲಿಸುವುದಕ್ಕೆ ಮಾತ್ರ ಕಾನೂನಿನಲ್ಲಿ ಎಡೆಯಿದೆ. ಇದರ ಹಿಂದಿರುವ ಭಯವು ನಿರಾಧಾರವಾದುದಲ್ಲ. ಕದ್ದ ಎಂಜಿನನ್ನು ಪತ್ತೆಹಚ್ಚಲು ಪೋಲೀಸಿನವರಿಗೆ ಇರುವ ಗುರುತು ಅದರ ಸಂಖ್ಯೆಯೇ. ಗ್ಯಾರೇಜಿನಲ್ಲಿ ಬೆಸುಗೆ ಹಾಕಿದ ಚಾಸಿಸ್ಸು ಹೆದ್ದಾರಿಯಲ್ಲಿ ಮುರಿದರೆ ಸಾಯುವವರು ಎದುರಿನಿಂದ ಬರುವವರು. ಹೊಗೆಯ ಮಾತೂ ಇದೆ. ಕಾನೂನು ಬೇಡವೆಂದು ನಾವು ಹೇಳುವುದಿಲ್ಲ.

ಆದರೆ ಅದೇ ತಯಾರಕನ ಅದೇ ಬಗೆಯ ಎಂಜಿನೆಂದರೆ ಎಲ್ಲಿಂದ ತರಬೇಕು? ವಿಲ್ಲೀಸ್ ಕಂಪೆನಿಯು ೧೯೫೩ರಲ್ಲಿಯೇ ಕೈಸರ್ ಕಂಪೆನಿಯ ವಶವಾಯಿತು. ಜಿಎಂಸಿಯ ಆ ಆರು ಸಿಲಿಂಡರಿನ ಎಂಜಿನು ತಯಾರಾಗುವುದು ನಿಂತು ಅರ್ಧ ಶತಮಾನ ದಾಟಿದೆ. ನಮ್ಮ ಸ್ವಂತ ವಾಹನಗಳ ಗತಿಯೂ ಬೇರೆಯಲ್ಲ. ಕೃಷ್ಣ ಮೆನನ್ ಅವರು ರಕ್ಷಣಾ ಸಚಿವರಾಗಿದ್ದಾಗ, ೧೯೫೯ರಲ್ಲಿ, ಜರ್ಮನಿಯ ಎಂಎಎನ್ ಕಂಪೆನಿಯ ಪರವಾನಗಿಯಿಂದ ಜಬಲ್ಪುರದಲ್ಲಿ ಮೊದಲುಗೊಂಡ ಶಕ್ತಿಮಾನ್ ಲಾರಿಯ ತಯಾರಿಕೆಯು ೧೯೯೬ರಲ್ಲಿ ನಿಂತಿತು. (ಅಮೆರಿಕದ ಬಹು-ಇಂಧನದ ಎಂಜಿನೂ ಅದೇ ಎಂಎಎನ್ ಕಂಪೆನಿಯ ದಹನಕ್ರಮವನ್ನು ಅನುಸರಿಸಿದುದೇ, ಪಿಸ್ಟನಿನ ತಲೆಯಲ್ಲಿ ಕೊರೆದ ದುಂಡು ಕುಳಿಯಲ್ಲಿ ಎಣ್ಣೆಯನ್ನು ಸವರಿ ಉರಿಸುವ ಉಪಾಯ. ನಮ್ಮ ಶಕ್ತಿಮಾನ್ ಲಾರಿಗೆ ಹೀಗೊಬ್ಬ ಅಮೆರಿಕದ ದಾಯಾದಿಯುಂಟೆಂಬುದು ಹಲವರಿಗೆ ತಿಳಿಯದು.) ನಿಸ್ಸಾನ್ ಕಂಪೆನಿಯ ನಕ್ಷೆಯಿಂದ ಅದೇ ಜಬಲ್ಪುರದಲ್ಲಿ ತಯಾರಾದ ಜೋಂಗಾ ವಾಹನವು ೧೯೯೯ರವರೆಗೆ ನಡೆಯಿತು; ನಾಲ್ಕು ಲೀಟರಿನ ಅದರ ಪೆಟ್ರೋಲ್ ಎಂಜಿನನ್ನು ಸಾಕಲಾರದೆ ಅದನ್ನು ಹರಾಜಿನಲ್ಲಿ ಕೊಂಡವರನೇಕರು ಡೀಸೆಲಿಗೆ ಬದಲಿಸಿಕೊಂಡುದು ಬಹಿರ್ರಹಸ್ಯ.

ಬಹಿರ್ರಹಸ್ಯವೆಂಬ ಪದವನ್ನು ನಾವು ಬೇಕೆಂದೇ ಬಳಸಿರುವೆವು. ಎಂಜಿನನ್ನು ಬದಲಿಸಿದವನು ಇಂದು ಪ್ರಾಮಾಣಿಕವಾಗಿ ಕಚೇರಿಗೆ ಹೋಗಿ ಹೇಳಿಕೊಂಡರೆ ವಾಹನವನ್ನು ಕಳೆದುಕೊಳ್ಳುವ ಸಂಭವವಿದೆ. ಹೇಳದೆ, ಹಳೆಯ ಸಂಖ್ಯೆಯನ್ನು ಹೊಸ ಬ್ಲಾಕಿನ ಮೇಲೆ ಕೊರೆಯಿಸಿಕೊಂಡವನು ನಿಶ್ಚಿಂತೆಯಿಂದ ಓಡಿಸುತ್ತಾನೆ. ಯಾವ ಕಾನೂನು ಕಳ್ಳ ಎಂಜಿನನ್ನು ಹಿಡಿಯಲೆಂದು ಹುಟ್ಟಿತೋ ಅದೇ ಕಾನೂನು ಸಾಧುವಾದ ಎಂಜಿನಿಗೆ ಕಳ್ಳನ ವೇಷವನ್ನು ತೊಡಿಸುತ್ತಿದೆ. ಅದಕ್ಕಿಂತಲೂ ಕೆಟ್ಟ ಪರಿಣಾಮವೊಂದಿದೆ: ಗುಟ್ಟಾಗಿ ಮಾಡಿದ ಕೆಲಸವನ್ನು ಯಾವ ಎಂಜಿನಿಯರೂ ಪರೀಕ್ಷಿಸುವುದಿಲ್ಲ. ನಿರ್ವಾತದ ಪಂಪಿದೆಯೇ, ತಟ್ಟೆಯು ನೇರವಾಗಿದೆಯೇ ಎಂದು ನೋಡುವವರು ಯಾರೂ ಇಲ್ಲ.

೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರದವರು ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮಗಳನ್ನು ಹೊರಡಿಸಿದರು. ಐವತ್ತು ವರ್ಷ ಮೀರಿದ ವಾಹನಕ್ಕೆ ಇಪ್ಪತ್ತು ಸಾವಿರ ರೂಪಾಯಿ ಶುಲ್ಕದ ಮೇಲೆ ಹತ್ತು ವರ್ಷಗಳ ನೋಂದಣಿಯೂ ವಿಶೇಷವಾದ ಸಂಖ್ಯಾಫಲಕವೂ ದೊರೆಯುವುವು. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಆ ನಿಯಮಗಳು ದ್ವಿಚಕ್ರ ವಾಹನಗಳಿಗೂ ಪ್ರಯಾಣಿಕರ ಸಣ್ಣ ಮೋಟಾರುಗಳಿಗೂ ಮಾತ್ರ ಅನ್ವಯಿಸುವಂತಿವೆ. ಲಾರಿಗಳಿಗೆ ಅದರಲ್ಲಿ ಎಡೆಯಿಲ್ಲ. ಮಹಾರಾಜರ ರೋಲ್ಸ್‌ರಾಯ್ಸ್ ವಾಹನವು ಪುರಾತನ ವಸ್ತು. ಬರ್ಮೆಯ ಕೆಸರಿನಲ್ಲಿ ಅಕ್ಕಿಯನ್ನೂ ಗಾಯಾಳುಗಳನ್ನೂ ಹೊತ್ತ ಲಾರಿಯು ಗುಜರಿ. ಈ ಪಂಕ್ತಿಭೇದಕ್ಕೆ ಕಾರಣವೇನೆಂದು ನಾವು ಕೇಳುತ್ತೇವೆ. ಎಂಜಿನಿನಲ್ಲಿ ಗಣನೀಯವಾದ ಮಾರ್ಪಾಟಾಗಿದ್ದರೆ ಜೀಪಿಗೂ ಆ ನಿಯಮದ ಆಸರೆ ತಪ್ಪುವುದು. ಇಂಗ್ಲೆಂಡಿನಲ್ಲಿ ೨೦೧೮ರಿಂದ ನಡೆದುಬಂದ ಕ್ರಮವು ಇದಕ್ಕಿಂತ ವಿವೇಕವುಳ್ಳದ್ದಾಗಿದೆ: ಆ ಕಾಲದಲ್ಲಿ ತಯಾರಕನೇ ಬದಲಿಯಾಗಿ ಕೊಡುತ್ತಿದ್ದ ಎಂಜಿನನ್ನು ಹಾಕಿದರೆ ನಲವತ್ತು ವರ್ಷ ಮೀರಿದ ಲಘು ವಾಹನದ ಪುರಾತನತ್ವಕ್ಕೆ ಅಲ್ಲಿ ಭಂಗವಿಲ್ಲ.

ನಮ್ಮ ಕಾನೂನೇ ಒಂದು ಬಾಗಿಲನ್ನು ಆಗಲೇ ತೆರೆದಿದೆಯೆಂಬುದನ್ನು ಅಧಿಕಾರಿಗಳು ಗಮನಿಸಬೇಕು. ಬ್ಯಾಟರಿಯಿಂದಲೋ ಅನಿಲದಿಂದಲೋ ಓಡುವಂತೆ, ಮಂಜೂರಾದ ಕಿಟ್ಟಿನಿಂದ ವಾಹನವನ್ನು ಬದಲಿಸಿಕೊಳ್ಳಲು ೫೨ನೆಯ ಪ್ರಕರಣವು ಒಪ್ಪುತ್ತದೆ. ಪರೀಕ್ಷೆಗೊಳಪಡಿಸಿ ಎಂಜಿನಿನ ಕೆಲಸವನ್ನು ಬೇರೊಂದಕ್ಕೆ ಕೊಡಬಹುದೆಂಬ ತತ್ತ್ವವು ಹಾಗಾದರೆ ಅಂಗೀಕೃತವಾಗಿದೆ. ಅದೇ ತತ್ತ್ವವನ್ನು ಹಳೆಯ ಸೈನ್ಯದ ವಾಹನಗಳಿಗೆ, ವರ್ಷಕ್ಕೆ ಇಷ್ಟೇ ದಿನ ರಸ್ತೆಗಿಳಿಯತಕ್ಕದ್ದೆಂಬ ಕಟ್ಟಿನೊಡನೆ, ವಿಸ್ತರಿಸುವುದರಲ್ಲಿ ಏನು ಕೆಡುವುದು? ಅರ್ಹನಾದ ಎಂಜಿನಿಯರನೊಬ್ಬನು ಜೋಡಣೆಯನ್ನೂ ಬ್ರೇಕನ್ನೂ ಹೊರೆಯೊಡನೆ ಇಳಿಜಾರಿನಲ್ಲಿ ಪರೀಕ್ಷಿಸಲಿ. ಹೊಸ ಎಂಜಿನಿನ ಸಂಖ್ಯೆ, ಕೊಂಡ ರಸೀದಿ, ಹಳೆಯ ಎಂಜಿನು ಎಲ್ಲಿದೆಯೆಂಬ ವಿವರ ನೋಂದಣಿ ಪತ್ರದಲ್ಲಿ ಬಹಿರಂಗವಾಗಿ ದಾಖಲಾಗಲಿ. ಚಾಸಿಸ್ಸನ್ನು ಕತ್ತರಿಸಿದವನಿಗೆ ಅನುಮತಿ ಬೇಡ. ಹಳೆಯ ಎಂಜಿನು ಮುಂದೊಂದು ದಿನ ಮರಳಿ ಕುಳ್ಳಿರುವಂತೆ ಅದರ ಸ್ಥಾನಗಳು ಉಳಿದಿರಬೇಕು. ಬಾಡಿಗೆಗೆ ಹೊರೆ ಹೊರುವ ಲಾರಿಗೆ ಈ ರಿಯಾಯಿತಿಯನ್ನು ಕೊಡಬೇಕೆಂದು ನಾವು ಕೇಳುವುದಿಲ್ಲ.

ಕಡೆಗೆ ಮಲೆನಾಡಿನ ನಮ್ಮ ಚಂದಾದಾರರಿಗೆ ಸಲ್ಲಬೇಕಾದ ಉತ್ತರ. ತಮ್ಮ ಜೀಪು ವರ್ಷಕ್ಕೆ ಹತ್ತು ದಿನ ಓಡಿದರೆ ಹೆಚ್ಚೆಂದು ತಾವೇ ಬರೆದಿರುವಿರಿ. ಹತ್ತು ದಿನದ ಓಡಾಟಕ್ಕೆ ಡೀಸೆಲಿನ ಉಳಿತಾಯವೆಷ್ಟು? ಮೊದಲು, ಸೀಳಿದ ಎರಕದ ಬ್ಲಾಕನ್ನು ಬೆಸುಗೆಯಿಲ್ಲದೆ ತಿರುಪುಗಳಿಂದ ಹೊಲಿಯುವವರು ಇನ್ನೂ ಇರುವರು, ಅವರಿಗೆ ತೋರಿಸಿರಿ. ಅದು ಆಗದಿದ್ದರೆ, ಯುದ್ಧದ ತರುವಾಯದ ಸಿಜೆ-೨ಎ, ಸಿಜೆ-೩ಎ ಜೀಪುಗಳಲ್ಲಿ ತಮ್ಮ ಎಂಜಿನಿನ ಒಡಹುಟ್ಟಿದ ಎಂಜಿನೇ ಇತ್ತು, ಅದನ್ನು ಹುಡುಕಿರಿ. ಅದೇ ತಯಾರಕನದು, ಅದೇ ಬಗೆಯದು. ಸಾರಿಗೆ ಕಚೇರಿಗೆ ಅರ್ಜಿ ಹಾಕಿಕೊಳ್ಳುವುದಕ್ಕೆ ಇಂದಿನ ಕಾನೂನಿನಲ್ಲಿಯೂ ದಾರಿಯಿದೆ, ತಮ್ಮ ಮೂರು ಗೇರಿನ ಗೇರ್‌ಬಾಕ್ಸಿಗೂ ಅದು ಅಪರಿಚಿತವಲ್ಲ. ಸಿಜೆ-೩ಬಿಯ ಹರಿಕೇನ್ ಎಂಜಿನು ನಮ್ಮ ದೇಶದಲ್ಲಿ ಹೇರಳವಾಗಿ ಸಿಕ್ಕುವುದೆಂದು ಯಾರಾದರೂ ಆಸೆ ಹುಟ್ಟಿಸಿದರೆ ಮೊದಲು ಅದರ ಎತ್ತರವನ್ನು ಅಳೆಯಿರಿ. ಆ ಎಂಜಿನು ಎತ್ತರವಾದುದರಿಂದಲೇ ಸಿಜೆ-೩ಬಿಗೆ ಬಾನೆಟ್ಟನ್ನು ಎತ್ತರಿಸಬೇಕಾಯಿತು. ತಮ್ಮ ಅಜ್ಜಂದಿರ ಜೀಪಿನ ಬಾನೆಟ್ಟನ್ನು ಕತ್ತರಿಸಬೇಡಿರಿ. ಸೀಳಿದ ಬ್ಲಾಕನ್ನು ಗುಜರಿಗೆ ತೂಗಿ ಹಾಕದೆ, ಎಣ್ಣೆ ಸವರಿ, ಸಂಖ್ಯೆಯು ಮೇಲೆ ಕಾಣುವಂತೆ ಹಲಗೆಯ ಮೇಲಿಟ್ಟು ಅದೇ ಕೊಟ್ಟಿಗೆಯಲ್ಲಿ ಇರಿಸಿಕೊಳ್ಳಿರಿ. ಜೀಪು ಓಡಿದ ದಿನ ನಮಗೊಂದು ಕಾಗದವನ್ನು ಬರೆಯಿರಿ. ಎರಡು ಎಂಜಿನುಗಳ ಸಂಖ್ಯೆಯನ್ನೂ ಅದರಲ್ಲಿ ಕಾಣಿಸಿರಿ.